ಸೆಕೆಂಡ್ ಹ್ಯಾಂಡ್ ಹೈಡ್ರೋಪೋನಿಕ್ ಸೆಟ್: ಪಂಪ್ ಓಡುತ್ತೆ, ಗಿಡ ಬಾಡುತ್ತೆ

ಹೆಬ್ಬಾಳ_ತಾರಸಿ:
ಎಲ್ಲರಿಗೂ ನಮಸ್ಕಾರ. ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹಳೇ ಹೈಡ್ರೋಪೋನಿಕ್ ಸೆಟ್ ಒಂದನ್ನು ಕೊಂಡಿದ್ದೇನೆ. ಸ್ಟ್ಯಾಂಡು, ಪೈಪು, ಟ್ಯಾಂಕು, ಪಂಪು ಎಲ್ಲ ಇದೆ. ನೀರು ಚೆನ್ನಾಗಿ ಸುತ್ತುತ್ತದೆ. ಆದರೂ ಲೆಟ್ಯೂಸ್ ಸಸಿಗಳು ಮಧ್ಯಾಹ್ನದ ಹೊತ್ತಿಗೆ ಸೊರಗಿ ಮಲಗುತ್ತವೆ. ಬೇರೆ ಸಸಿ ಹಾಕಿದರೂ ಅದೇ ಕತೆ. ಮಾರಿದವರು ಫೋನ್ ಎತ್ತುತ್ತಿಲ್ಲ. ತಲೆ ಕೆಟ್ಟುಹೋಗಿದೆ. ಏನು ಮಾಡಲಿ?

ಸೊಪ್ಪು_ಪ್ರಿಯ:
ನೀರಿನ ಪಿಹೆಚ್ (ಹುಳಿ-ಕ್ಷಾರದ ಅಳತೆ) ಎಷ್ಟು, ಇಸಿ (ಕರಗಿದ ಲವಣ, ಗೊಬ್ಬರದ ಅಳತೆ) ಎಷ್ಟು? ಮೊದಲು ಅದನ್ನು ಹೇಳಿ.

ಹೆಬ್ಬಾಳ_ತಾರಸಿ:
ಪಿಹೆಚ್ 6.2, ಇಸಿ 1.1.

ಸೊಪ್ಪು_ಪ್ರಿಯ:
ಪೆನ್ ಮೀಟರನ್ನು ಕ್ಯಾಲಿಬ್ರೇಟ್ ಮಾಡಿದ್ದೀರಾ? ಅದಕ್ಕೆ ಪಿಹೆಚ್ 4.01 ಮತ್ತು 6.86ರ ಪುಡಿ ಪ್ಯಾಕೆಟ್ ಸಿಗುತ್ತದೆ. ನೀರು ಯಾವುದು? ಬೋರ್ ನೀರಿನ ಇಸಿಯೇ 0.8 ಇದ್ದರೆ, ನಿಮ್ಮ 1.1ರಲ್ಲಿ ಗೊಬ್ಬರದ ಪಾಲು ಬರೀ 0.3. ಗಿಡಕ್ಕೆ ಊಟವೇ ಇಲ್ಲ. ನನಗೆ ಇದೇ ಕಾರಣ ಅನ್ನಿಸುತ್ತದೆ.

ಹಾಸನ_ಗ್ರೀನ್ಸ್:
ಬೋರ್ ನೀರು ಬೇಡವೇ ಬೇಡ. ಆರ್‌ಒ ನೀರು ಹಾಕಿ, ಆಮೇಲೆ ನೋಡಿ.

ಸೊಪ್ಪು_ಪ್ರಿಯ:
ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಹೋಗುತ್ತದೆ ಸರ್. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವವರಿಗೆ ಈ ಸಲಹೆ ಕೊಡಬಾರದು.

ಹಾಸನ_ಗ್ರೀನ್ಸ್:
ಚರಂಡಿಗೆ ಯಾಕೆ ಬಿಡಬೇಕು? ನಮ್ಮ ಮನೆಯಲ್ಲಿ ಅದರಲ್ಲೇ ನೆಲ ಒರೆಸುತ್ತೇವೆ. ಗೊತ್ತಿಲ್ಲದೆ ಸುಮ್ನೆ ಹೇಳಬೇಡಿ.

ಪಾಲಿಹೌಸ್_ಮಂಡ್ಯ:
ನೀರಿನ ಬಿಸಿ ಯಾರೂ ಕೇಳಲೇ ಇಲ್ಲ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ, ಬೇರು ಕೊಳೆಯೋದು ಜಾಸ್ತಿ. ನಾವು ನೀರು ತಂಪು ಮಾಡುವ ಚಿಲ್ಲರ್ ಹಾಕಿ 22 ಡಿಗ್ರಿಯಲ್ಲಿ ಇಟ್ಟಿದ್ದೇವೆ. ಬೇಸಿಲ್ ಎಷ್ಟು ಹುಲುಸಾಗಿ ಬಂದಿದೆ ಅಂದರೆ ಫೋಟೋ ಹಾಕದೆ ಇರೋಕಾಗಲ್ಲ. ಸಂಜೆ ಹಾಕುತ್ತೇನೆ.

ಹಳೇ_ಪೈಪ್:
ತಾರಸಿಯವರೇ, ಪೈಪ್ ದುಂಡಗಿದೆಯಾ, ಚಪ್ಪಟೆಯಾ? ಟೈಮರ್ ಇದೆಯಾ? ಪಂಪ್ ನಿಂತಾಗ ಪೈಪಿನೊಳಗೆ ಎಷ್ಟು ನೀರು ಉಳಿಯುತ್ತದೆ?

ಹೆಬ್ಬಾಳ_ತಾರಸಿ:
ದುಂಡನೆಯ ಪಿವಿಸಿ, 3 ಇಂಚು, ನಾಲ್ಕು ಸಾಲು, ಒಂದೊಂದೂ ಐದಡಿ. ಟೈಮರ್ ಅವರೇ ಇಟ್ಟಿದ್ದು, 15 ನಿಮಿಷ ಆನ್, 45 ನಿಮಿಷ ಆಫ್. ಪಂಪ್ ನಿಂತರೆ ನೀರೆಲ್ಲ ಟ್ಯಾಂಕಿಗೆ ಇಳಿದುಹೋಗುತ್ತದೆ. ಹಾಗೇ ಆಗಬೇಕಲ್ವಾ? ಒಂದು ಕವರಿನಲ್ಲಿ ನಾಲ್ಕು ಸಣ್ಣ ಎಲ್ಬೋ (ಮೊಣಕೈಯಂತೆ ಬಾಗಿದ ಪೈಪ್ ತುಂಡು) ಬಿಡಿಯಾಗಿ ಕೊಟ್ಟಿದ್ದಾರೆ. ಎಲ್ಲಿಗೂ ಕೂರುವಂತೆ ಕಾಣಲಿಲ್ಲ.

ಹಳೇ_ಪೈಪ್:
ಆ ಎಲ್ಬೋಗಳಲ್ಲೇ ವಿಷಯ ಇದೆ. ನಿಮ್ಮದು ಎನ್‌ಎಫ್‌ಟಿ (ನ್ಯೂಟ್ರಿಯೆಂಟ್ ಫಿಲ್ಮ್ ಟೆಕ್ನಿಕ್) ಅಲ್ಲ, ಡಿಎಫ್‌ಟಿ (ಡೀಪ್ ಫ್ಲೋ ಟೆಕ್ನಿಕ್). ಎನ್‌ಎಫ್‌ಟಿಯಲ್ಲಿ ಚಾನೆಲ್ ಇಳಿಜಾರಾಗಿರುತ್ತದೆ, ನೀರು ತೆಳುವಾಗಿ ಹರಿಯುತ್ತಲೇ ಇರುತ್ತದೆ. ಡಿಎಫ್‌ಟಿಯಲ್ಲಿ ಪೈಪಿನೊಳಗೆ ನೀರು ನಿಂತಿರಬೇಕು. ನೀರು ಹೊರಹೋಗುವ ಕಡೆ ಎಂಡ್ ಕ್ಯಾಪ್ ಬಿಚ್ಚಿ, ಒಳಗಿನಿಂದ ತೂತಿಗೆ ಎಲ್ಬೋ ಸಿಕ್ಕಿಸಿ, ಬಾಯಿ ಮೇಲಕ್ಕೆ ಇರಲಿ. ನೀರು ಆ ಬಾಯಿಯ ಎತ್ತರಕ್ಕೆ ಬಂದ ಮೇಲಷ್ಟೇ ಹೊರಗೆ ಹೋಗುತ್ತದೆ. ಈಗ ನಿಮ್ಮ ಸಸಿಗಳಿಗೆ ಗಂಟೆಯಲ್ಲಿ 45 ನಿಮಿಷ ನೀರಿಲ್ಲ. ಎಳೆ ಬೇರು ಬಿಸಿಲಲ್ಲಿ ಒಣಗದೆ ಏನಾಗುತ್ತದೆ?

ಪೈಪ್ ಇಳಿಜಾರಾಗಿ ಇರಬಾರದು, ರಸಮಟ್ಟ ಇಟ್ಟು ನೋಡಿ. ಸಸಿ ಕೂರಿಸುವ ಜಾಲರಿ ಬುಟ್ಟಿ, ಅಂದರೆ ನೆಟ್ ಪಾಟ್‌ನ ತಳ ನೀರಿಗೆ ತಾಗಲಿ. ಬೇರು ಉದ್ದವಾದಂತೆ ಎಲ್ಬೋವನ್ನು ಸ್ವಲ್ಪ ಓರೆಯಾಗಿ ತಿರುಗಿಸಿ, ಮಟ್ಟ ಇಳಿಯುತ್ತದೆ, ಬೇರಿನ ಮೇಲ್ಭಾಗಕ್ಕೆ ಗಾಳಿ ಸಿಗುತ್ತದೆ. ಇನ್ನೊಂದು ಮಾತು: ಅರ್ಧ ತುಂಬಿದರೂ ನಾಲ್ಕು ಪೈಪು ಸುಮಾರು 12 ಲೀಟರ್ ಹಿಡಿಯುತ್ತವೆ. ಟ್ಯಾಂಕಿನಲ್ಲಿ ಅಷ್ಟು ಇಳಿದ ಮೇಲೂ ಪಂಪ್ ಮುಳುಗಿರಬೇಕು.

ಸೊಪ್ಪು_ಪ್ರಿಯ:
ಸರಿ, ಆದರೂ ಬರೀ ನೀರಿನ ಇಸಿ ಅಳೆಯಲೇಬೇಕು. ಬೇರೆ ಬೇರೆಯಾಗಿ ಬರುವ ಎ ಮತ್ತು ಬಿ ಗೊಬ್ಬರವನ್ನು ನೀರಿಲ್ಲದೆ ಒಟ್ಟಿಗೆ ಕಲಸಿದರೆ ಕ್ಯಾಲ್ಸಿಯಂ ಬೆಳ್ಳಗೆ ತಳ ಕಟ್ಟುತ್ತದೆ, ಅದನ್ನೂ ನೋಡಿ.

ಹೆಬ್ಬಾಳ_ತಾರಸಿ:
ಹಳೇ_ಪೈಪ್ ಸರ್, ಎಲ್ಬೋ ಕೂತವು! ಮೂರು ಸಾಲಿನಲ್ಲಿ ನೀರು ನಿಂತಿದೆ. ಈ ಮಧ್ಯಾಹ್ನ ಅಲ್ಲಿನ ಸಸಿಗಳು ಎದ್ದೇ ನಿಂತಿದ್ದವು. ನಿಮಗೆ ತುಂಬಾ ಥ್ಯಾಂಕ್ಸ್. ನಾಲ್ಕನೆಯ ಸಾಲಿನ ಎಂಡ್ ಕ್ಯಾಪ್ ಸೋರುತ್ತಿದೆ. ಸಾಲ್ವೆಂಟ್ (ಪಿವಿಸಿ ಅಂಟು) ಹಾಕಿ ಅಂಟಿಸಲಾ?

ಹಾಸನ_ಗ್ರೀನ್ಸ್:
ಅಂಟಿಸಿ ಬಿಡಿ, ತಲೆನೋವು ಇರಲ್ಲ.

ಹಳೇ_ಪೈಪ್:
ದಯವಿಟ್ಟು ಅಂಟಿಸಬೇಡಿ. ಬೆಳೆ ಮುಗಿದ ಮೇಲೆ ಬೇರು, ಪಾಚಿ ತೊಳೆಯೋಕೆ ಕ್ಯಾಪ್ ಬಿಚ್ಚಲೇಬೇಕು. ಸದ್ಯಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಒತ್ತಿ. ಆಗಲೂ ಸೋರಿದರೆ ಕ್ಯಾಪ್ ಬಿರುಕು ಬಿಟ್ಟಿರಬಹುದು, ಫೋಟೋ ಹಾಕಿ.