ಮನೆ ಗುಂಪಿನಲ್ಲಿ ಕಿಸ್ಪೆಪ್ಟಿನ್ ಜಗಳ

ಭಾವ: ಈ ಲಿಂಕ್ ಎಲ್ಲರೂ ನೋಡಿ. ಕಿಸ್ಪೆಪ್ಟಿನ್-10 ಅಂತ ಹಾರ್ಮೋನ್ ಸೂಜಿಮದ್ದು. ಪುಟ್ಟ ಶೀಶೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ತಾನಾಗೇ ಏರುತ್ತಂತೆ. ತಮ್ಮನಿಗೆ ಕಳಿಸೋಣವಾ? ಮದುವೆಯಾಗಿ ಇಷ್ಟು ದಿನವಾಯಿತು.

ಅಕ್ಕ: ಶೀಶೆಯ ಫೋಟೋ ದೊಡ್ಡದು ಮಾಡಿ ನೋಡಿ ಭಾವ. 'ಸಂಶೋಧನೆಗೆ ಮಾತ್ರ' ಅಂತ ಬರೆದಿದೆ.

ಭಾವ: ಅದು ಕೇಸ್ ಬೀಳದಿರಲಿ ಅಂತ ಹಾಕೋದು. ನೀನು ಹಾಸನದಲ್ಲಿ ದನದ ಡಾಕ್ಟರ್. ಇದು ಮನುಷ್ಯರ ವಿಷಯ.

ಅಕ್ಕ: ದನಕ್ಕೂ ನಿಮಗೂ ಈ ವಿಷಯದಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ 😄 ಕಿಸ್ಪೆಪ್ಟಿನ್ ಮೆದುಳಿನ ಹೈಪೊಥಲಾಮಸ್‌ಗೆ ಸೂಚನೆ ಕೊಡುತ್ತದೆ. ಅಲ್ಲಿಂದ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ಹೊರಡುತ್ತದೆ. ಅದು ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್, ಎಫ್‌ಎಸ್‌ಎಚ್ ಬಿಡಿಸುತ್ತದೆ. ವೃಷಣ, ಅಂಡಾಶಯಗಳನ್ನು ಎಬ್ಬಿಸುವ ಹಾರ್ಮೋನ್‌ಗಳು ಅವು. ಕಿಸ್ಪೆಪ್ಟಿನ್‌ನ ರಿಸೆಪ್ಟರ್, ಅಂದರೆ ಸೂಚನೆ ಹಿಡಿಯುವ ಭಾಗ, ಹಾಳಾಗಿದ್ದರೆ ಹರೆಯವೇ ಬರುವುದಿಲ್ಲ ಅಂತ 2003ರಲ್ಲಿ ಗೊತ್ತಾಯಿತು. ವಿಜ್ಞಾನ ನಿಜವೇ.

ಭಾವ: ನೋಡಿದೆಯಾ! ಲಂಡನ್‌ನಲ್ಲಿ ಐವಿಎಫ್‌ಗೂ ಕೊಟ್ಟಿದ್ದಾರೆ.

ಅಕ್ಕ: ಕೊಟ್ಟಿದ್ದಾರೆ. ಇಂಪೀರಿಯಲ್ ಕಾಲೇಜಿನವರು, 2014ರ ವರದಿ. ಅದು 54 ಅಮೈನೋ ಆಮ್ಲಗಳ ಉದ್ದದ್ದು. ಅಂಡ ಮಾಗಿಸಲು ಒಂದೇ ಸೂಜಿ, ಡಾಕ್ಟರ್ ಎದುರಿಗೆ. ನಿಮ್ಮ ಶೀಶೆಯದು ಅದರ ಕೊನೆಯ 10 ಮಾತ್ರ. ರಕ್ತಕ್ಕೆ ಹೋದರೆ ಸುಮಾರು 4 ನಿಮಿಷದಲ್ಲಿ ಅರ್ಧ ಕರಗಿಹೋಗುತ್ತದೆ.

ಚಿಕ್ಕಪ್ಪ: ಕಾಫಿ ಆರುವಷ್ಟರಲ್ಲಿ ಮುಗಿಯಿತು ಅನ್ನು.

ಭಾವ: ಹಾಗಾದರೆ ದಿನಾ ಹಾಕಿಕೊಂಡರಾಯಿತು.

ಅಕ್ಕ: ಅಲ್ಲೇ ಎಡವಟ್ಟು. ಹೈಪೊಥಲಾಮಸ್ ತೊಂದರೆಯಿಂದ ಮುಟ್ಟು ನಿಂತ ಹೆಂಗಸರಿಗೆ ಆ 54ರದ್ದನ್ನೇ ದಿನಕ್ಕೆರಡು ಸಲ ಕೊಟ್ಟು ನೋಡಿದ್ದಾರೆ. ಮೊದಲ ದಿನ ಎಲ್‌ಎಚ್ ಜೋರಾಗಿ ಏರಿತು. ಎರಡು ವಾರದಲ್ಲಿ ಆ ಏರಿಕೆ ತೀರಾ ಕುಗ್ಗಿತು. ಜಿಎನ್‌ಆರ್‌ಎಚ್ ಕಥೆಯೂ ಇದೇ. ಬೆದೆಗೆ ಬಂದ ಹಸುವಿಗೆ ನಾವು ಜಿಎನ್‌ಆರ್‌ಎಚ್ ತರಹದ್ದೇ ಔಷಧಿ ಬುಸೆರೆಲಿನ್ ಒಂದು ಸೂಜಿ ಹಾಕುತ್ತೇವೆ, ಅಂಡ ಬಿಡಲಿ ಅಂತ. ಅದೇ ಬುಸೆರೆಲಿನ್ ಬಿಡದೆ ಕೊಟ್ಟರೆ ಏನಾಗುತ್ತೆ ಗೊತ್ತಾ? ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸರ ಟೆಸ್ಟೋಸ್ಟಿರಾನ್ ಇಳಿಸುವುದೇ ಹಾಗೆ.

ಚಿಕ್ಕಪ್ಪ: ಅಯ್ಯೋ! ಏರಿಸಲು ಹೋಗಿ ಇಳಿಸಿಕೊಳ್ಳುವುದಾ?

ಭಾವ: ಜಿಮ್ ಹುಡುಗರೆಲ್ಲ ಸುಮ್ನೆ ಹಾಕಿಸಿಕೊಳ್ಳುತ್ತಾರಾ?

ಅಕ್ಕ: ಅವರ ರಕ್ತಪರೀಕ್ಷೆ ನೀವು ನೋಡಿದ್ದೀರಾ? ಶೀಶೆಯಲ್ಲಿ ನಿಜಕ್ಕೂ ಏನಿದೆ, ಶುದ್ಧವಾಗಿದೆಯಾ, ಯಾರು ನೋಡಿದ್ದಾರೆ? ಲ್ಯಾಬ್‌ನಲ್ಲಿ ಇಲಿಗೆ, ಗಾಜಿನ ತಟ್ಟೆಯ ಕೋಶಕ್ಕೆ ಹಾಕಲು ಮಾಡಿದ್ದು ಅದು.

ಅತ್ತೆ: ಅವನ ವೀರ್ಯ ಪರೀಕ್ಷೆ ಆಗಿದೆಯಾ ಮೊದಲು ಹೇಳಿ. ಸೊಸೆಗೆ ಮಾತ್ರ ಎಲ್ಲಾ ಸ್ಕ್ಯಾನ್ ಮಾಡಿಸಿದ್ದೀರಿ.

ಅಕ್ಕ: ಅತ್ತೆ 👏

ತಮ್ಮ: ನಾನೂ ಈ ಗುಂಪಿನಲ್ಲೇ ಇದ್ದೀನಿ ಭಾವ.

(ಭಾವ ಈ ಸಂದೇಶವನ್ನು ಅಳಿಸಿದ್ದಾರೆ)