ಕ್ರೂಸ್ ಕಂಟ್ರೋಲ್ ಕೈಕೊಟ್ಟರೆ ಮೊದಲು ಬ್ರೇಕ್ ಪೆಡಲ್ ಹತ್ತಿರ ನೋಡಿ

ನಿಮ್ಮ ಪ್ರಶ್ನೆ ಓದಿದೆ. 2013ರ ಮ್ಯಾನ್ಯುವಲ್ ಸೆಡಾನ್, 1 ಲಕ್ಷ ಕಿ.ಮೀ. ದಾಟಿದೆ. ಆಕ್ಸಿಲರೇಟರ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಮೊದಲು ಆಗಾಗ ಬಿಟ್ಟುಹೋಗುತ್ತಿತ್ತು, ಈಗ ಪೂರ್ತಿ ನಿಂತಿದೆ. ಸ್ಟೀರಿಂಗ್ ಒಳಗಿನ ಭಾಗ ಬದಲಾಯಿಸಬೇಕು, 16 ಸಾವಿರ ಆಗುತ್ತೆ ಅಂತ ಸರ್ವಿಸ್ ಸೆಂಟರ್‌ನವರು ಹೇಳಿದ್ದಾರೆ. ಕೊಡಬೇಕಾ ಬೇಡ್ವಾ ಅಂತ ಕೇಳಿದ್ದೀರಿ.

ಈಗಲೇ ಕೊಡಬೇಡಿ. ನಮ್ಮ ಮನೆಯ ಕಾರಿನಲ್ಲೂ ಹೆಚ್ಚುಕಮ್ಮಿ ಇದೇ ಆಗಿತ್ತು.

ನಮ್ಮದು 2014ರ ಪೆಟ್ರೋಲ್ ಸೆಡಾನ್. ಮೈಸೂರು ರಸ್ತೆಯಲ್ಲಿ ಸ್ವಲ್ಪ ಕುಲುಕಿದರೂ ಕ್ರೂಸ್ ಬಿಟ್ಟುಹೋಗುತ್ತಿತ್ತು. ತೋರಿಸಿದಾಗ ನಮಗೂ ಸ್ಟೀರಿಂಗ್ ಕಡೆಯೇ ಬೊಟ್ಟು ಮಾಡಿ 14 ಸಾವಿರ ಅಂದರು. ಆಮೇಲೆ ನೋಡೋಣ ಅಂತ ಬಿಟ್ಟೆ. ದೀಪಾವಳಿಗೆ ದಾವಣಗೆರೆಗೆ ಹೊರಟಿದ್ದೆವು. ಶಿರಾ ದಾಟಿದ ಮೇಲೆ 90ಕ್ಕೆ ಸೆಟ್ ಮಾಡಿದ್ದೆ. ಇದ್ದಕ್ಕಿದ್ದಂತೆ ಕಾರು ನಿಧಾನವಾಯಿತು. ಮತ್ತೆ ಒತ್ತಿದೆ. ಮೀಟರ್‌ನಲ್ಲಿ ‘ಕ್ರೂಸ್’ ದೀಪ ಬಂತು, ‘ಸೆಟ್’ ದೀಪ ಬರಲೇ ಇಲ್ಲ.

ಆ ರಾತ್ರಿ ಮಾವನ ಮನೆಯಲ್ಲಿ ಗೇಟು ಹಾಕಲು ಹೊರಗೆ ಬಂದೆ. ಕಾಂಪೌಂಡ್ ಗೋಡೆ ಮೇಲೆ ಕೆಂಪು ಬೆಳಕು. ಕಾರು ಆಫ್ ಆಗಿದೆ, ಕೀ ನನ್ನ ಜೇಬಿನಲ್ಲಿದೆ, ಬ್ರೇಕ್ ಲೈಟ್ ಉರಿಯುತ್ತಲೇ ಇದೆ! 21 ವ್ಯಾಟ್‌ನ ಎರಡು ಬಲ್ಬ್ ಅಂದರೆ ಸುಮಾರು ಮೂರೂವರೆ ಆಂಪಿಯರ್. ಹತ್ತು ಗಂಟೆ ಉರಿದರೆ 35 ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಆಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟೆ. ಆದರೆ ನನಗೆ ನಿದ್ದೆ ಬರದಿದ್ದು ಬ್ಯಾಟರಿ ಚಿಂತೆಗಲ್ಲ. ಶಿರಾದಿಂದ ದಾವಣಗೆರೆವರೆಗೂ ನಾನು ಯಾವಾಗ ಬ್ರೇಕ್ ಹಾಕಿದೆ ಅನ್ನೋದು ಹಿಂದಿನ ಲಾರಿಯವರಿಗೆ ಗೊತ್ತೇ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಮರುದಿನ ಅಲ್ಲೇ ಪಕ್ಕದ ಗ್ಯಾರೇಜಿನವರು ಮೊಬೈಲ್ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿದರು. ಪೆಡಲ್ ಮೇಲ್ಗಡೆ ಒಂದು ಸ್ವಿಚ್ ಇರುತ್ತೆ, ಅದಕ್ಕೊಂದು ಪಿನ್. ಪೆಡಲ್ ಬಿಟ್ಟಾಗ ಆ ಪಿನ್ ಒಳಗೆ ಒತ್ತಿಕೊಂಡಿರಬೇಕು. ಅದನ್ನು ಒತ್ತುವುದು ಪೆಡಲ್‌ನ ತೂತಿಗೆ ಸಿಕ್ಕಿಸಿದ, ಅಂಗಿ ಗುಂಡಿಯಷ್ಟು ಪ್ಲಾಸ್ಟಿಕ್ ಸ್ಟಾಪರ್. ನಮ್ಮದರಲ್ಲಿ ತೂತು ಮಾತ್ರ ಇತ್ತು, ಪಿನ್ ಅದರೊಳಗೆ ಇಳಿದಿತ್ತು. ಹಾಗಾಗಿ ಬ್ರೇಕ್ ಒತ್ತಿಯೇ ಇದೆ ಅಂತ ಕಾರು ತಿಳಿದು ಕ್ರೂಸ್ ಬಿಡುತ್ತಿತ್ತು. ಮ್ಯಾಟ್ ಮೇಲೆ ಹಳದಿ ಚೂರುಗಳು ಬಿದ್ದಿದ್ದವು. ಬೆರಳಲ್ಲಿ ಒತ್ತಿದರೆ ಚಕ್ಕುಲಿ ಹಾಗೆ ಪುಡಿ. ಹಿಂದಿನ ವಾರ ಅಮ್ಮ ಇಂಥವೇ ಒಂದೆರಡು ಚೂರನ್ನು ಬಿಸ್ಕತ್ತಿನದು ಅಂತ ಗುಡಿಸಿ ಹಾಕಿದ್ದರು. ಸ್ಟಾಪರ್‌ಗೆ 60 ರೂಪಾಯಿ, ಹಳೇದಾಗಿತ್ತು ಅಂತ ಸ್ವಿಚ್ಚಿಗೆ 450, ಕೂಲಿ 200. ಕ್ರೂಸ್ ಅವತ್ತೇ ಸರಿಹೋಯಿತು.

ಬ್ರೇಕ್ ಲೈಟ್ ಸರಿಯಾಗಿ ಬರ್ತಿದೆ, ಹಾಗಾಗಿ ಸ್ವಿಚ್ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ. ಬಹಳಷ್ಟು ಕಾರುಗಳಲ್ಲಿ ಆ ಒಂದೇ ಸ್ವಿಚ್ಚಿನಲ್ಲಿ ಎರಡು ಕಾಂಟ್ಯಾಕ್ಟ್ ಇರುತ್ತೆ. ಒಂದು ಲೈಟ್ ಹೊತ್ತಿಸುತ್ತೆ, ಇನ್ನೊಂದು ಕ್ರೂಸ್ ಬಿಡು ಅಂತ ಇಂಜಿನ್ ಕಂಪ್ಯೂಟರ್‌ಗೆ ಹೇಳುತ್ತೆ. ಎರಡನೇದು ಮಾತ್ರ ಕೆಟ್ಟಿರಬಹುದು. ಎರಡೂ ಹೊಂದದಿದ್ದರೆ ಕಂಪ್ಯೂಟರ್ ಕ್ರೂಸ್ ಹಿಡಿಯುವುದೇ ಇಲ್ಲ, ಅದು ಹಾಗೇ ಇರಬೇಕು ಕೂಡ. ನಿಮ್ಮದು ಮ್ಯಾನ್ಯುವಲ್ ಆದ್ದರಿಂದ ಕ್ಲಚ್ ಪೆಡಲ್‌ಗೂ ಇಂಥದ್ದೇ ಸ್ವಿಚ್ ಇರುತ್ತೆ, ಅದನ್ನೂ ನೋಡಿಸಿ.

ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಕೋಡ್ ಪಿ0571 ಬಂದರೆ ಬ್ರೇಕ್ ಸ್ವಿಚ್, ಪಿ0704 ಬಂದರೆ ಕ್ಲಚ್ ಸ್ವಿಚ್, ಪಿ0500 ಬಂದರೆ ಸ್ಪೀಡ್ ಸೆನ್ಸರ್ ಕಡೆಯ ತೊಂದರೆ. ಕೋಡ್ ಏನೂ ಇಲ್ಲ ಅಂದರೆ ಲೈವ್ ಡೇಟಾ ಹಾಕಿಸಿ. ನೀವು ಪೆಡಲ್ ಒತ್ತಿ ಬಿಡುವಾಗ ಪರದೆಯಲ್ಲಿ ಸ್ವಿಚ್ಚಿನ ಆನ್, ಆಫ್ ತಕ್ಷಣ ಬದಲಾಗಬೇಕು. ತಡವಾದರೆ, ಮಿಣುಕಿದರೆ, ಕಳ್ಳ ಸಿಕ್ಕಿದ ಹಾಗೆ.

ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ನಿಜವಾಗಲೂ ಹೋಗುವುದೂ ಉಂಟು. ಅದು ಹಾರ್ನ್, ಸ್ಟೀರಿಂಗ್ ಮೇಲಿನ ಬಟನ್, ಏರ್‌ಬ್ಯಾಗ್‌ಗೆ ಕರೆಂಟ್ ಒಯ್ಯುವ, ಸುರುಳಿ ಸುತ್ತಿದ ತೆಳುವಾದ ಪಟ್ಟಿ. ಸ್ಟೀರಿಂಗ್ ತಿರುಗಿದಂತೆ ಸುತ್ತಿ ಬಿಚ್ಚಿಕೊಳ್ಳುತ್ತೆ, ವರ್ಷಗಳಾದ ಮೇಲೆ ತುಂಡಾಗುತ್ತೆ. ನನ್ನ ಸಹೋದ್ಯೋಗಿಯ ಕಾರಿನಲ್ಲಿ ಮೊದಲು ಹಾರ್ನ್ ನಿಂತಿತು, ಆಮೇಲೆ ಆಡಿಯೋ ಬಟನ್, ಕ್ರೂಸ್, ಕೊನೆಗೆ ಏರ್‌ಬ್ಯಾಗ್ ದೀಪ ಬಂತು. ನಿಮ್ಮದರಲ್ಲಿ ಇವೆಲ್ಲ ಸರಿ ಇದ್ದರೆ ನನಗೆ ಅದರ ಮೇಲೆ ಅನುಮಾನ ಕಡಿಮೆ. ಏರ್‌ಬ್ಯಾಗ್ ದೀಪ ಬಂದಿದ್ದರೆ ಮಾತ್ರ ಹಣ ನೋಡಬೇಡಿ. ಬೇಕಾದ ಹೊತ್ತಿಗೆ ಏರ್‌ಬ್ಯಾಗ್ ಬಿಚ್ಚದೇ ಇರಬಹುದು. ಸ್ಟೀರಿಂಗ್ ಮಾತ್ರ ಮನೆಯಲ್ಲಿ ನೀವೇ ಬಿಚ್ಚಲು ಹೋಗಬೇಡಿ.

ಇನ್ನೊಂದು. ಇತ್ತೀಚೆಗೆ ಹಿಂದಿನ ಬಲ್ಬ್ ಬದಲು ಎಲ್‌ಇಡಿ ಹಾಕಿಸಿದ್ದೀರಾ? ನಮ್ಮ ಭಾವ ಜೆ.ಸಿ. ರೋಡಿನಲ್ಲಿ ಹಾಕಿಸಿಕೊಂಡು ಬಂದ ಮೇಲೆ ಅವರ ಕ್ರೂಸ್ ನಿಂತಿತು. ಕೆಲವು ಕಾರುಗಳು ಬಲ್ಬಿನ ತಂತಿ ಮೂಲಕವೇ ಬ್ರೇಕ್ ಸರ್ಕ್ಯೂಟ್ ಸರಿ ಇದೆಯಾ ಅಂತ ನೋಡಿಕೊಳ್ಳುತ್ತವೆ. ಹಳೇ ಬಲ್ಬ್ ವಾಪಸ್ ಹಾಕಿದರು, ಸರಿಹೋಯಿತು. ಇಲಿ ಕಡಿದ ವೈರ್, ಗುಂಡಿಗೆ ಬಿದ್ದು ಕೆಟ್ಟ ಚಕ್ರದ ಸೆನ್ಸರ್ ಕೂಡ ಕಾರಣ ಆಗಬಹುದು. ಸೆನ್ಸರ್ ಹೋಗಿದ್ದರೆ ಸಾಮಾನ್ಯವಾಗಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಬರುತ್ತೆ.

ಅಮೆರಿಕದಲ್ಲಿದ್ದು ಹಳೇ ಕಾರು ಓಡಿಸುವವರಿಗೂ ಒಂದು ಮಾತು. ಅಲ್ಲಿ ಫೋರ್ಡ್ ಕಂಪನಿ 1999ರಿಂದ 2009ರವರೆಗೆ ಕಂತುಕಂತಾಗಿ 1.4 ಕೋಟಿಗೂ ಜಾಸ್ತಿ ವಾಹನಗಳನ್ನು ಕ್ರೂಸ್ ಸ್ವಿಚ್ಚಿಗಾಗಿ ವಾಪಸ್ ಕರೆಸಿತ್ತು. ಆ ಸ್ವಿಚ್ಚಿನೊಳಗೆ ಬ್ರೇಕ್ ದ್ರವ ಸೋರಿ, ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತುವ ಅಪಾಯ ಇತ್ತು. ಆ ಕಾಲದ ಫೋರ್ಡ್ ಕೈಗೆ ಬಂದಿದ್ದರೆ, ಆ ರಿಪೇರಿ ಆಗಿದೆಯಾ ಅಂತ ಚಾಸಿ ನಂಬರ್ ಕೊಟ್ಟು ವಿಚಾರಿಸಿ.

ಹಳೇ ಕಾರಿಗೆ ಕ್ರೂಸ್ ಯಾಕೆ, ಹಾಗೇ ಓಡಿಸಿ ಅಂತ ಹೇಳುವವರು ಇದ್ದಾರೆ. ನಮ್ಮಪ್ಪನಿಗೆ ಬಲಗಾಲಿನ ಮಂಡಿ ನೋವು. ಅರ್ಧ ಗಂಟೆ ಕಾಲು ಚಾಚಿಕೊಂಡು ಓಡಿಸಲು ಆದರೆ ಅವರಿಗೆ ಅದೇ ದೊಡ್ಡದು. ರಿಪೇರಿ ಮಾಡಿಸಿದ ಮೇಲೆ ಖಾಲಿ ರಸ್ತೆಯಲ್ಲಿ 60ಕ್ಕೆ ಸೆಟ್ ಮಾಡಿ, ಬ್ರೇಕ್ ಸುಮ್ನೆ ಮುಟ್ಟಿ ನೋಡಿ. ಆ ಕ್ಷಣವೇ ಕ್ರೂಸ್ ಬಿಟ್ಟುಹೋಗಬೇಕು. ಕ್ಲಚ್ಚಿಗೂ ಹಾಗೇ. ಇದನ್ನು ನೋಡದೆ ಹೈವೇಗೆ ಹೋಗಬೇಡಿ. ಮಳೆಯಲ್ಲಂತೂ ಕ್ರೂಸ್ ಹಾಕಲೇಬೇಡಿ.

ಇವತ್ತು ರಾತ್ರಿಯೇ ಮನೆಯವರೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ, ಪೆಡಲ್ ನಿಧಾನವಾಗಿ ಒತ್ತಿ ಬಿಡಿ. ಲೈಟ್ ಪೂರ್ತಿ ಆರುತ್ತಾ, ‘ಕ್ರೂಸ್’ ದೀಪ ಬರುತ್ತಾ, ಹಾರ್ನ್ ಕೆಲಸ ಮಾಡುತ್ತಾ, ಈ ಮೂರನ್ನು ಬರೆಯಿರಿ. ಮುಂದೆ ಎಲ್ಲಿ ನೋಡಬೇಕು ಅಂತ ಹೇಳ್ತೀನಿ.