ಪದಚರ್ಚೆ: 'ಇನ್ವ್ಯಾಲಿಡ್ ಪೆನ್ಷನ್'ಗೆ ಕನ್ನಡದಲ್ಲಿ ಏನನ್ನೋಣ? (ಸೋಮವಾರ ಅಚ್ಚಿಗೆ ಹೋಗಬೇಕು)

ತುಮಕೂರಿನಿಂದ:

ಗೆಳೆಯರೇ, ಒಂದು ಅರ್ಜೆಂಟ್. ಕೋರ್ಟ್ ನೌಕರರಿಗಾಗಿ ಎರಡು ಪುಟದ ಕೈಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಬೇಲಿಫ್‌ಗಳು, ಅಮೀನರು, ಆದೇಶ ಜಾರಿಕಾರರು. ಡಿಕ್ರಿ ಅಮಲಿಗೆ ಹೋದಾಗ, ಮನೆ ಖಾಲಿ ಮಾಡಿಸಲು ಹೋದಾಗ ಪೆಟ್ಟು ತಿನ್ನುವವರು ಇವರೇ. ಆದೇಶ ಸಾಹೇಬರದ್ದು, ಕಲ್ಲೇಟು ಇವರದ್ದು. ಹಾಗೆ ಏಟು ಬಿದ್ದು ಕೈಕಾಲು ಹೋದರೆ ಏನು ಸಿಗುತ್ತದೆ ಅನ್ನೋದು ಕೈಪತ್ರದ ವಿಷಯ.

ನನಗೆ ಬಂದ ಕರಡಿನಲ್ಲಿ 'ಇನ್ವ್ಯಾಲಿಡ್ ಪೆನ್ಷನ್' ಹೋಗಿ 'ಅಮಾನ್ಯ ಪಿಂಚಣಿ' ಆಗಿದೆ! ಇಲ್ಲಿ 'ಇನ್ವ್ಯಾಲಿಡ್' ಅಂದರೆ ರದ್ದಾದದ್ದಲ್ಲ, ಅಶಕ್ತನಾದವನು. ಯಂತ್ರದ ಕೈವಾಡ ಅಂತ ಕಾಣುತ್ತದೆ. ಓದಿದವರು ಪಿಂಚಣಿಯೇ ರದ್ದಾಯ್ತು ಅಂದುಕೊಳ್ಳುತ್ತಾರೆ. ಇದಕ್ಕೊಂದು ಪದ ಬೇಕು. 'ಡಿಸೆಬಿಲಿಟಿ ಪೆನ್ಷನ್'ಗೆ ಇನ್ನೊಂದು. 'ಅಟ್ರಿಬ್ಯೂಟಬಲ್ ಟು ಆರ್ ಅಗ್ರವೇಟೆಡ್ ಬೈ ಸರ್ವಿಸ್' ಅನ್ನೋ ಬಾಲಕ್ಕೂ ಏನಾದರೂ ಹೇಳಿ.

ಬೆಂಗಳೂರಿನಿಂದ:

ಮೊದಲನೆಯದು 'ಅಶಕ್ತತಾ ಪಿಂಚಣಿ'. ನಾವು ಕಚೇರಿಯಲ್ಲಿ ಹಾಗೇ ಬರೆಯುತ್ತಿದ್ದದ್ದು. ಎರಡನ್ನೂ ಬೆರೆಸಬೇಡಿ. ಅಶಕ್ತತೆಗೆ ಕಾರಣ ಮುಖ್ಯವಲ್ಲ. ಮನೆಯಲ್ಲಿ ಮಲಗಿದ್ದಾಗ ಲಕ್ವಾ ಹೊಡೆದರೂ ಸರಿ, ಇವನಿಂದ ಇನ್ನು ಕೆಲಸ ಆಗಲ್ಲ ಅಂತ ವೈದ್ಯರು ಬರೆದುಕೊಡಬೇಕು, ಅಷ್ಟೇ. ಡ್ಯೂಟಿಯ ಏಟಿನದು ಬೇರೆ ಲೆಕ್ಕ. ಅದು 'ಅಸಾಧಾರಣ ಪಿಂಚಣಿ'ಯ ಕೆಳಗೆ ಬರುತ್ತದೆ. ಕೇಂದ್ರದಲ್ಲಿ ಅದಕ್ಕೆ 1939ರಿಂದಲೇ ಪ್ರತ್ಯೇಕ ನಿಯಮಗಳಿದ್ದವು. ಅಲ್ಲಿ ಕೆಲಸಕ್ಕೂ ಗಾಯಕ್ಕೂ ನಂಟು ತೋರಿಸಲೇಬೇಕು.

ಆ ಬಾಲಕ್ಕೆ: 'ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ'. ನಿಮ್ಮ ಕರಡಿನಲ್ಲಿ 'ಡ್ಯೂಟಿಯಲ್ಲಿ ಆದ' ಅಂತ ಇರಬಹುದು, ನೋಡಿಕೊಳ್ಳಿ. ಸಪ್ತಮಿ ಸಾಲದು, ತೃತೀಯೆ ಬೇಕು. 'ಡ್ಯೂಟಿಯಲ್ಲಿ' ಅಂದರೆ ಆ ಹೊತ್ತಿಗೆ ಅಲ್ಲಿದ್ದ ಅಂತಷ್ಟೇ. 'ಡ್ಯೂಟಿಯಿಂದ' ಅಂದಾಗಲೇ ಕಾರಣ ಬಂತು. ಜಾರಿಕಾರ ನೋಟಿಸ್ ಕೊಡಲು ಹೋದ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರೆ, ಇಡೀ ಜಗಳ ಆ ಒಂದು ವಿಭಕ್ತಿ ಪ್ರತ್ಯಯದ ಮೇಲೆಯೇ ನಿಲ್ಲುತ್ತದೆ.

ಶಿವಮೊಗ್ಗದಿಂದ:

ಅಶಕ್ತತಾ, ಅಸಾಧಾರಣ, ಉಲ್ಬಣ. ಇದರಲ್ಲಿ ಕನ್ನಡ ಎಲ್ಲಿದೆ ಸಾರ್? ನಮ್ಮ ಕಲ್ಬರಹಗಳಲ್ಲೇ ಪದ ಇದೆ: ನೆತ್ತರುಕೊಡಗೆ. ಊರಿಗಾಗಿ ಕಾದಾಡಿ ನೆತ್ತರು ಸುರಿಸಿದವನ ಹೆಸರಲ್ಲಿ ಕೊಟ್ಟ ಹೊಲ, ಗದ್ದೆ. ಕೊಡಗೆ ಅಂದರೆ ಕೊಟ್ಟದ್ದು, ಅಚ್ಚಗನ್ನಡ. ಅಮೀನನೂ ನೆತ್ತರು ಸುರಿಸಿದ್ದಾನೆ. ಇದನ್ನು ಬಿಟ್ಟು ಇಂಗ್ಲಿಶಿನ ಪೆನ್ಷನ್ನಿಗೆ ಬಾಲ ಹಚ್ಚಿ ಪಿಂಚಣಿ ಅಂತ ಯಾಕೆ ತಿರುಗಬೇಕು?

ಮೈಸೂರಿನಿಂದ:

ನೆತ್ತರುಕೊಡಗೆ ಸತ್ತವನ ಮನೆಯವರಿಗೆ. ಇಲ್ಲಿ ಅಮೀನ ಬದುಕಿದ್ದಾನೆ, ಕಾಲು ಮುರಿದಿದೆ. ವೀರಗಲ್ಲು ನೆಡಿಸುವ ಅವಸರ ಬೇಡ.

ಮಂಗಳೂರಿನಿಂದ:

ಮೊದಲು 'ಅಮೀನ' ಅನ್ನೋದನ್ನು ಸರಿ ಮಾಡಿ ಮಾರಾಯ್ರೇ. ನಮ್ಮ ಕಡೆ ಅಮೀನ್ ಅಂದರೆ ಮನೆತನದ ಹೆಸರು, ಅರ್ಧ ಊರು ಕೈಪತ್ರ ಕೇಳಿಕೊಂಡು ಬಂದೀತು. ಕೋರ್ಟಿನ ಅಮೀನ ಅರಬ್ಬಿಯವ, ನಂಬಿಕಸ್ಥ ಅಂತ ಅರ್ಥ. 'ಜಾರಿ'ಯೂ ಅರಬ್ಬಿಯೇ, ಹರಿಯುವಂಥದ್ದು, ನಡೆಯುತ್ತಿರುವಂಥದ್ದು. ಶಿವಮೊಗ್ಗದವರು ಅದನ್ನು ನಮ್ಮ 'ಜಾರು'ವಿಗೆ ಗಂಟು ಹಾಕುವ ಮೊದಲೇ ಹೇಳಿಬಿಟ್ಟೆ. ಶಿರಸ್ತೇದಾರ, ಜವಾನ, ವಕೀಲ, ಎಲ್ಲ ಹೊರಗಿನವರೇ. ಇವರನ್ನೆಲ್ಲ ಹೊರಗೆ ಹಾಕಿದರೆ ಕೋರ್ಟಿನಲ್ಲಿ ಉಳಿಯೋದು ಕಟಕಟೆ ಒಂದೇ.

ದಾವಣಗೆರೆಯಿಂದ:

'ಕೆಲಸಕ್ಕೆ ಬಾರದವರ ಪಿಂಚಣಿ' ಅಂದರೆ ಆಗಲ್ವಾ? ಸುಲಭ ಇದೆ.

ಮೈಸೂರಿನಿಂದ:

ಅದು ಬೈಗುಳ.

ಹುಬ್ಬಳ್ಳಿಯಿಂದ:

ನಾನು ಊರುಗೋಲು ಹಿಡಿದು ನಡೆಯುವವನು. ಆದ್ದರಿಂದ ಎರಡು ಮಾತು.

'ವಿಕಲಚೇತನ ಪಿಂಚಣಿ' ಅಂತ ಮಾತ್ರ ಹಾಕಬೇಡಿ. ಇಲಾಖೆಯ ಬೋರ್ಡಿನ ಮೇಲೆ ಇದೆ, ಗೊತ್ತು. ಆದರೆ ಬಿಡಿಸಿ ಓದಿ. ಕಾಲು ಹೋಗಿದ್ದು ನನ್ನದು, ಚೇತನ ಯಾಕೆ ವಿಕಲ ಆಗಬೇಕು? 2015ರ ಕೊನೆಗೆ ಪ್ರಧಾನಿ ರೇಡಿಯೋದಲ್ಲಿ 'ದಿವ್ಯಾಂಗ' ಅಂದರು. ನನ್ನ ಕಾಲಲ್ಲಿ ದಿವ್ಯವಾದದ್ದು ಏನೂ ಇಲ್ಲ, ಮಳೆಗಾಲದಲ್ಲಿ ನೋವು ಜಾಸ್ತಿ, ಅಷ್ಟೇ. 'ಅಂಗವಿಕಲ' ಹಳೆಯದು, ಒರಟು ಅನ್ನುತ್ತಾರೆ. ಹೇಳುವುದನ್ನಂತೂ ನೇರವಾಗಿ ಹೇಳುತ್ತದೆ.

ಎರಡನೆಯದು ಪದಕ್ಕಿಂತ ದೊಡ್ಡದು. ಕೈಪತ್ರ ಶುರುವಿನಿಂದಲೇ 'ನಿವೃತ್ತಿ' ಅನ್ನುತ್ತಿದೆ ಅಲ್ವಾ? ನೌಕರಿಯಲ್ಲಿರುವಾಗ ಅಂಗ ಊನವಾದವನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದು 47ನೇ ಸೆಕ್ಷನ್, ಅದರ ಬದಲಿಗೆ ಬಂದ 2016ರದರಲ್ಲಿ 20(4). ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಬೇರೆ ಹುದ್ದೆಯೂ ಸಿಗದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಅವನಿಗಾಗಿಯೇ ಒಂದು ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಕುನಾಲ್ ಸಿಂಗ್ ಪ್ರಕರಣದಲ್ಲಿ ಕಾನ್‌ಸ್ಟೆಬಲ್ ಒಬ್ಬರ ಎಡಗಾಲು ಡ್ಯೂಟಿಯ ಗಾಯದಿಂದ ಹೋಗಿತ್ತು. ಅಶಕ್ತತಾ ಪಿಂಚಣಿ ಕೊಟ್ಟು ಮನೆಗೆ ಕಳಿಸಿದ್ದರು. 2003ರಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಸಿಕ್ಕಿದೆ ಅನ್ನೋ ಕಾರಣಕ್ಕೆ ಆ ರಕ್ಷಣೆ ತಪ್ಪಿಸಲಾಗದು ಅಂದಿತು. ಬೇಲಿಫನಿಗೆ ಮೊದಲು ಗೊತ್ತಾಗಬೇಕಾದದ್ದು ಇದು. ಪಿಂಚಣಿ ಆಮೇಲಿನ ಮಾತು.

ಹಾಂ, ಆ ಸೆಕ್ಷನ್ನಿನ 'ಅಕ್ವೈರ್ಸ್ ಎ ಡಿಸೆಬಿಲಿಟಿ'ಯನ್ನು 'ಅಂಗವಿಕಲತೆಯನ್ನು ಗಳಿಸಿದ ನೌಕರ' ಅಂತ ಮಾಡಬೇಡಿ. ಒಂದು ಕಡೆ ನೋಡಿದೆ. ನಾನೇನು ಸೈಟು ಗಳಿಸಿದೆನಾ?

ತುಮಕೂರಿನಿಂದ:

ಹುಬ್ಬಳ್ಳಿ ಅಣ್ಣನವರೇ, ಉಪಕಾರವಾಯ್ತು. ನಿಮ್ಮ 20(4) ಈಗ ಮೊದಲ ಪ್ಯಾರಾಕ್ಕೆ ಹೋಯಿತು. ತಲೆಬರಹದಲ್ಲೇ 'ನಿವೃತ್ತಿ' ಇತ್ತು, ತೆಗೆದೆ. ಹೀಗೆ ಬರೆದಿದ್ದೇನೆ: 'ಕೆಲಸದಿಂದ ಗಾಯವಾದರೆ: ನೌಕರಿ ಉಳಿಸಿಕೊಳ್ಳುವ ಹಕ್ಕು, ಗಾಯದ ಪಿಂಚಣಿ, ಅಶಕ್ತತಾ ಪಿಂಚಣಿ'. 'ಗಾಯದ ಪಿಂಚಣಿ' ನಿಯಮದ ಪದವಲ್ಲ. ಅರ್ಜಿಯಲ್ಲಿ 'ಅಸಾಧಾರಣ ಪಿಂಚಣಿ' ಅಂತಲೇ ಬರೆಯಿರಿ ಅಂತ ಕೆಳಗೆ ಒಂದು ಸಾಲು ಹಾಕಿದೆ. ಬಾಲ: 'ಕೆಲಸದಿಂದ ಬಂದ, ಇಲ್ಲವೇ ಕೆಲಸದಿಂದ ಜೋರಾದ'. ಬೆಂಗಳೂರಿನವರಿಗೆ 'ಜೋರಾದ' ಸೇರಲಿಕ್ಕಿಲ್ಲ. ಇರಲಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಬರುವುದರಿಂದ ಅವರಿಗೆ ಬೇರೆ ಹಾಳೆ.

ಬೆಂಗಳೂರಿನಿಂದ:

'ಜೋರಾದ' ಪಾರಸಿ. 'ಉಲ್ಬಣಿಸಿದ' ಇರಲಿ.

ಶಿವಮೊಗ್ಗದಿಂದ:

ಪಾರಸಿ ಬೇಡ, ಸಂಸ್ಕೃತ ಆಗಬಹುದು, ಅಲ್ವಾ? ಇದೇ ನಾನು ಹೇಳಿದ್ದು. 'ಹೆಚ್ಚಾದ' ಅನ್ನಲು ಏನು ಅಡ್ಡಿ? ಹುಬ್ಬಳ್ಳಿಯವರು ತಿಳಿಯದೆಯೇ 'ಊನ' ಅಂತ ಅಚ್ಚಗನ್ನಡ ಪದ ಬಳಸಿದ್ದಾರೆ. 'ಊನದ ಪಿಂಚಣಿ' ಅಂತಲಾದರೂ ಹಾಕಿ.

ಮೈಸೂರಿನಿಂದ:

'ಹೆಚ್ಚಾದ' ಸರಿ. 'ಊನ' ಸಂಸ್ಕೃತ. ಏಕೋನವಿಂಶತಿಯನ್ನು (ಹತ್ತೊಂಬತ್ತು) ಬಿಡಿಸಿ ನೋಡಿ: ಏಕ, ಊನ, ವಿಂಶತಿ, ಅಂದರೆ ಒಂದು ಕಡಿಮೆ ಇಪ್ಪತ್ತು.